ಉಮ್ಮ ಕಲಿಸಿದ ಮಾತು

ನನಗೆ ಒಂದು ಭಾಷೆ ಬರುತ್ತದೆ. ಅದನ್ನು ಆಡಲು ಈ ಊರಿನಲ್ಲಿ ನನಗೆ ಯಾರೂ ಇಲ್ಲ.

ಶನಿವಾರಸಂತೆಯ ನಮ್ಮ ಬೀದಿಯಲ್ಲಿ ಎಲ್ಲರದೂ ಕನ್ನಡ. ಗಂಡನ ಮನೆಯವರದು ಕನ್ನಡ, ಮಕ್ಕಳದು ಕನ್ನಡ, ಹಾಲು ತರುವವನದು ಕನ್ನಡ. ನನ್ನದೂ ಕನ್ನಡವೇ. ಆದರೆ ಬೆಕ್ಕು ಅಡುಗೆಮನೆಗೆ ನುಗ್ಗಿದರೆ ನನ್ನ ಬಾಯಿಗೆ ತಾನಾಗಿ ಬರುವುದು ಮಲಯಾಳ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಅದನ್ನು ಕೇಳಿಸಿಕೊಂಡು, "ಅದ್ಯಾವ ಭಾಷೇಲಿ ಬೈತೀಯ ಅದಕ್ಕೆ?" ಎಂದರು.

"ನಮ್ಮ ಪಕ್ಕದ ಮನೆ ಭಾಷೆ" ಎಂದೆ.

ಪಕ್ಕದ ಮನೆಯ ಭಾಷೆ ಸೊಸೆಯ ಬಾಯಿಗೆ ಹೇಗೆ ಬಂತು ಎಂದು ಅವರು ಆಮೇಲೆ ಕೇಳಲಿಲ್ಲ. ಕೇಳಿದ್ದರೆ ಹೇಳುವುದಕ್ಕೆ ಬಹಳ ಇತ್ತು.

ನಾನು ಹುಟ್ಟಿ ಬೆಳೆದದ್ದು ಪಾಲಿಬೆಟ್ಟದಲ್ಲಿ. ನಾವು ಲಿಂಗಾಯತರು, ಅಪ್ಪ, ಅವ್ವ ಇಬ್ಬರೂ ಈ ಶನಿವಾರಸಂತೆ ಕಡೆಯವರೇ. ಅಪ್ಪ ಮದುವೆಯಾದ ಮೇಲೆ ಅವ್ವನನ್ನು ಕರೆದುಕೊಂಡು ಹೋಗಿ ಪಾಲಿಬೆಟ್ಟದಲ್ಲಿ ದಿನಸಿ ಅಂಗಡಿ ಇಟ್ಟರು. ಸುತ್ತ ಕಾಫಿ ಎಸ್ಟೇಟುಗಳು, ನಡುವೆ ಒಂದು ಬೀದಿ, ಆ ಬೀದಿಗೆ ಬರುವವರ ನಾಲಿಗೆ ಒಬ್ಬೊಬ್ಬರದು ಒಂದೊಂದು ಥರ. ತೋಟದ ಯಜಮಾನರು ಕೊಡವರು, ಲೈನುಮನೆಗಳಲ್ಲಿ ಇದ್ದ ಕೂಲಿಯವರು ಹೆಚ್ಚಿನವರು ತಮಿಳರು, ಹೋಟೆಲಿನವರದು ತುಳು, ಮೀನಿನವರದು ಮಲಯಾಳ, ಲಾಳ ಹೊಡೆಯುವ ಸಾಯಬರದು ಉರ್ದು. ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಎಂತ ಬೋಂಡು, ಎನ್ನ ವೇಣುಂ, ದಾನೆ ಬೋಡು, ಎಂದ್ ಬೇಣಂ, ಕ್ಯಾ ಹೋನಾ ಎಂದು ಬಂದವರನ್ನು ಅವರವರ ಮಾತಿನಲ್ಲೇ ಏನು ಬೇಕೆಂದು ಕೇಳುತ್ತಿದ್ದರು. ಅದರಾಚೆಗೆ ಆ ಯಾವ ಭಾಷೆಯೂ ಅವರಿಗೆ ಬರುತ್ತಿರಲಿಲ್ಲ. ಗಿರಾಕಿಗಳು ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದರು, ವ್ಯಾಪಾರ ನಡೆಯುತ್ತಿತ್ತು.

ನಮ್ಮ ಮನೆ ಅಂಗಡಿಯ ಹಿಂಭಾಗದಲ್ಲೇ. ಒಂದೇ ಗೋಡೆಯ ಆಚೆಗೆ ಇನ್ನೊಂದು ಮನೆ. ಅಲ್ಲಿದ್ದವರು ಮಲಯಾಳ ಮಾತಾಡುವ ಮಾಪಿಳ್ಳೆ ಮುಸಲ್ಮಾನರು. ಗಂಡ ಕಿತ್ತಳೆ ವ್ಯಾಪಾರಿ. ಎಸ್ಟೇಟುಗಳಿಗೆ ಹೋಗಿ ಹಣ್ಣು ಇನ್ನೂ ಮರದಲ್ಲಿರುವಾಗಲೇ ಫಸಲು ಮಾತಾಡಿ, ಕೀಳಿಸಿ, ಹುಲ್ಲು ಹಾಸಿದ ಪೆಟ್ಟಿಗೆಗಳಲ್ಲಿ ತುಂಬಿ ಕಣ್ಣೂರಿಗೆ ಕಳಿಸುತ್ತಿದ್ದರು. ಬೀದಿಗೆಲ್ಲ ಅವರು ಕಿತ್ತಳೆ ಕಾಕ. ಅವರ ಹೆಂಡತಿಯನ್ನು ಅವರ ಮಕ್ಕಳು ಉಮ್ಮ ಎನ್ನುತ್ತಿದ್ದರು. ಹಾಗಾಗಿ ನನಗೂ ಉಮ್ಮ. ಹೆತ್ತವಳು ಅವ್ವ, ಗೋಡೆಯಾಚೆಯವಳು ಉಮ್ಮ. ಎರಡೂ ಅಮ್ಮನೆಂಬ ಮಾತೇ ಎಂದು ನನಗೆ ಬಹಳ ದಿನ ಗೊತ್ತಿರಲಿಲ್ಲ.

ನಾನು ಶಾಲೆಗೆ ಸೇರುವ ಮೊದಲು ತಮ್ಮ ಹುಟ್ಟಿದ. ಬಾಣಂತನದಲ್ಲಿ ಅವ್ವನ ಸೊಂಟ ಹಿಡಿದುಕೊಂಡು, ಎದ್ದು ಓಡಾಡುವುದಕ್ಕೇ ಎಷ್ಟೋ ತಿಂಗಳಾಯಿತು. ಅಜ್ಜಿ ಬಂದು ಸ್ವಲ್ಪ ದಿನ ಇದ್ದು ಹೋದರು. ಅಪ್ಪನಿಗೆ ಅಂಗಡಿ. ಒಂದು ಬೆಳಿಗ್ಗೆ ಹಿತ್ತಲ ಬಾವಿಯ ಹತ್ತಿರ ನಾನೊಬ್ಬಳೇ ನಿಂತು ಅಳುತ್ತಿದ್ದೆನಂತೆ. ಎರಡೂ ಮನೆಗೆ ಅದೊಂದೇ ಬಾವಿ. ನೀರಿಗೆ ಬಂದ ಉಮ್ಮ ಒಂದು ಕಡೆ ಕೊಡ, ಇನ್ನೊಂದು ಕಡೆ ನನ್ನನ್ನು ಎತ್ತಿಕೊಂಡು ಒಳಗೆ ಹೋದಳಂತೆ. ಅಂದಿನಿಂದ ನನ್ನ ಹಗಲೆಲ್ಲ ಅವಳ ಅಡುಗೆಮನೆಯಲ್ಲಿ ಕಳೆಯಿತು.

ಅಲ್ಲಿ ಯಾರೂ ನನಗೆ ಮಲಯಾಳ ಕಲಿಸಲಿಲ್ಲ. ಉಮ್ಮ ಕೆಲಸ ಮಾಡುತ್ತಾ ಮಾತಾಡುತ್ತಿದ್ದಳು, ನಾನು ಮಣೆಯ ಮೇಲೆ ಕುಳಿತಿರುತ್ತಿದ್ದೆ. ಮೊದಮೊದಲು ಆದ ಎಡವಟ್ಟು ಒಂದನ್ನು ಅವಳು ಎಷ್ಟು ಸಲ ಹೇಳಿದಳೋ. ರೊಟ್ಟಿ ತಟ್ಟುತ್ತಾ ಕೈಯೆಲ್ಲ ಹಿಟ್ಟಾಗಿದ್ದಾಗ, "ಮೋಳೇ, ಬೆಳ್ಳಂ" ಎಂದಳಂತೆ. ಮೋಳೇ ಎಂದರೆ ಮಗಳೇ, ಬೆಳ್ಳಂ ಎಂದರೆ ನೀರು. ದಿನಸಿ ಅಂಗಡಿಯವನ ಮಗಳಾದ ನಾನು ಓಡಿಹೋಗಿ ಅಪ್ಪನ ಅಂಗಡಿಯಿಂದ ಬೆಲ್ಲದ ಚೂರು ತಂದು ಕೊಟ್ಟೆ. ಉಮ್ಮ ಅದನ್ನು ಹಾಗೇ ಬಾಯಿಗೆ ಹಾಕಿಕೊಂಡು, "ಇದೂ ಬೇಕಿತ್ತು" ಎಂದಳಂತೆ.

ಅವ್ವನಿಗೆ ಒಂದು ಚಿಂತೆ ಇತ್ತು. ಸಂಜೆ ಮನೆಗೆ ಬಂದರೆ ಹಾಸಿಗೆಯಿಂದಲೇ ಕೇಳುವಳು, "ಏನ್ ತಿಂದೆ ಅಲ್ಲಿ?" ನಮ್ಮಲ್ಲಿ ಮೀನು ಮಾಂಸ ಮುಟ್ಟುವುದಿಲ್ಲ. ಅದು ಉಮ್ಮನಿಗೂ ಗೊತ್ತಿತ್ತು. ನನಗೆಂದು ಒಂದು ಸಣ್ಣ ಪಾತ್ರೆ, ಒಂದು ಸೌಟು ಬೇರೆ ಇಟ್ಟಿದ್ದಳು. ಅವಳ ಮಕ್ಕಳು ಮೀನುಸಾರಿನ ಜೊತೆ ಪತ್ತಿರಿ ತಿನ್ನುತ್ತಿದ್ದರೆ ನನಗೆ ಅದೇ ಅಕ್ಕಿರೊಟ್ಟಿ, ಮೇಲೆ ತೆಂಗಿನಹಾಲು, ಸಕ್ಕರೆ. ಒಂದು ಸಲ ನಾನೂ ಮೀನಿಗೆ ಕೈ ಚಾಚಿದೆ. ಉಮ್ಮ ಕೈ ಹಿಡಿದುಕೊಂಡು, "ನಿನ್ನ ಅವ್ವ ತಿನ್ನದ್ದು ಈ ಮನೇಲಿ ನೀನು ತಿನ್ನುದು ಬೇಡ" ಎಂದಳು. ಇದನ್ನು ಮಾತ್ರ ಅವಳು ಕನ್ನಡದಲ್ಲೇ ಹೇಳಿದ್ದಳು. ಗೋಡೆಯಾಚೆ ಮಲಗಿದ್ದ ಅವ್ವನಿಗೂ ಕೇಳಿಸಲಿ ಎಂದಿರಬೇಕು.

ಅವ್ವ ಎದ್ದು ಓಡಾಡುವಂತಾದ ಮೇಲೆ ಇಬ್ಬರ ಮಾತುಕತೆ ಮೊದಲಿನಂತೆ ಮತ್ತೆ ಬಾವಿಕಟ್ಟೆಯಲ್ಲಿ. ಉಮ್ಮ ಕೇರಳದ ಇರಿಟ್ಟಿ ಕಡೆಯಿಂದ ಮದುವೆಯಾಗಿ ಬಂದವಳು. ಬಂದಾಗ ಅವಳಿಗೆ ಕನ್ನಡದ ಗಂಧವಿರಲಿಲ್ಲ. ಕಲಿತದ್ದೆಲ್ಲ ಅವ್ವನಿಂದ, ನೀರು ಸೇದುತ್ತಾ, ಬಟ್ಟೆ ಒಗೆಯುತ್ತಾ. ಅವ್ವ ಮಾತ್ರ ಮಲಯಾಳದ ಒಂದು ಪದವನ್ನೂ ನಾಲಿಗೆಗೆ ಹತ್ತಿಸಿಕೊಳ್ಳಲಿಲ್ಲ. ಆದರೆ ಉಮ್ಮ ಗಂಡನ ಮೇಲೆ ಸಿಟ್ಟು ಮಾಡಿಕೊಂಡು ಮಲಯಾಳದಲ್ಲಿ ಒಂದೇ ಸಮನೆ ಹೇಳುತ್ತಾ ಹೋದರೆ ಅವ್ವ ಸರಿಯಾದ ಜಾಗದಲ್ಲಿ "ಅಯ್ಯೋ, ಬಿಡು ಅತ್ಲಾಗೆ" ಎನ್ನುತ್ತಿದ್ದಳು.

ಹೀಗೆ ನನ್ನ ಬಾಲ್ಯ ಕಳೆಯಿತು. ಹತ್ತಿರದ ಶಾಲೆ, ಆಮೇಲೆ ಹೈಸ್ಕೂಲು. ಶಾಲೆಯಿಂದ ಬಂದವಳು ನಮ್ಮ ಮನೆಗೆ ಚೀಲ ಎಸೆದು ಆ ಮನೆಯ ಹೊಸ್ತಿಲು ದಾಟಿದರೆ ಉಮ್ಮನ ಮೊದಲ ಮಾತು, "ಚೋರ್ ಬೆಯ್ಚಾ?" ಊಟ ಆಯಿತಾ ಎಂದು. ಆಗಿದೆ ಎಂದರೂ ಏನಾದರೊಂದು ಕೈಗೆ ಬರುತ್ತಿತ್ತು. ಕಿತ್ತಳೆ ಕಾಲದಲ್ಲಿ ಆ ಮನೆಯ ಗೋಡೆ, ಚಾಪೆ, ಉಮ್ಮನ ತಲೆಯ ಮೇಲಿನ ಬಟ್ಟೆ ಎಲ್ಲ ಕಿತ್ತಳೆ ಸಿಪ್ಪೆಯ ವಾಸನೆ.

ಆಮೇಲೆ ಆ ಮರಗಳಿಗೆ ರೋಗ ಬಂತು. ಒಂದೊಂದು ತೋಟದಲ್ಲೂ ಎಲೆ ಹಳದಿಯಾಗಿ, ಕೊಂಬೆ ಒಣಗಿ, ಹಣ್ಣು ನಿಂಬೆಗಾತ್ರಕ್ಕೆ ಇಳಿಯಿತು. ಯಜಮಾನರು ಕಿತ್ತಳೆ ಕಡಿಸಿ ಕರಿಮೆಣಸಿನ ಬಳ್ಳಿ ಹಬ್ಬಿಸಲು ಬೇರೆ ಮರ ನೆಟ್ಟರು. ಕಾಕನಿಗೆ ಕೆಲಸವಿಲ್ಲದಾಯಿತು. ಇರಿಟ್ಟಿಯಲ್ಲಿದ್ದ ಅವರ ಅಣ್ಣ ಕೊಬ್ಬರಿ ವ್ಯಾಪಾರಕ್ಕೆ ಜೊತೆಯಾಗಲು ಕರೆದರು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅವರು ಪಾಲಿಬೆಟ್ಟ ಬಿಟ್ಟರು.

ಲಾರಿಗೆ ಸಾಮಾನು ಹೇರಿ ಆದ ಮೇಲೆ ಉಮ್ಮ ಮತ್ತು ಅವ್ವ ಬಾವಿಯ ಹತ್ತಿರ ನಿಂತಿದ್ದರು. ಅವ್ವ ಚಟ್ನಿಪುಡಿಯ ಡಬ್ಬಿ ಕೊಟ್ಟಳು. ಉಮ್ಮ ನನ್ನ ತಲೆ ಹಿಡಿದುಕೊಂಡು, "ಕರಯಂಡ ಮೋಳೇ" ಎಂದಳು. ಅಳಬೇಡ ಎಂದು. ನಾನು ಅಳುತ್ತಿರಲಿಲ್ಲ. ಅವಳೇ ಅಳುತ್ತಿದ್ದಳು.

ಕಾಗದ ಬರೆಯುವಂತಿರಲಿಲ್ಲ. ನನಗೆ ಮಲಯಾಳ ಆಡಲು ಬರುತ್ತಿತ್ತೇ ಹೊರತು ಒಂದು ಅಕ್ಷರ ಬರೆಯಲು ಬಾರದು. ಉಮ್ಮನಿಗೆ ಕನ್ನಡವೂ ಹಾಗೆಯೇ. ಕಾಕ ಒಂದೆರಡು ಸಲ ಯಾರದೋ ಕೈಯಲ್ಲಿ ತೆಂಗಿನಕಾಯಿ ಕಳಿಸಿದರು, ಆಮೇಲೆ ಅದೂ ನಿಂತಿತು. ನನ್ನ ಮದುವೆಯಾಯಿತು. ಅಪ್ಪನಿಗೆ ವಯಸ್ಸಾಯಿತು, ಅಂಗಡಿ ಬೇರೆಯವರಿಗೆ ಕೊಟ್ಟು ಅಪ್ಪ, ಅವ್ವ ಇಬ್ಬರೂ ಕುಶಾಲನಗರದಲ್ಲಿ ನನ್ನ ತಮ್ಮನ ಮನೆ ಸೇರಿದರು. ಅವ್ವ ಅಲ್ಲಿಯೇ ತೀರಿಕೊಂಡಳು. ಪಾಲಿಬೆಟ್ಟಕ್ಕೆ ಹೋಗಲು ನಮಗೆ ಕಾರಣ ಉಳಿಯಲಿಲ್ಲ.

ಮೊದಮೊದಲು ನನಗೆ ಬೇಕಾಗಿರುವುದು ಮಲಯಾಳ ಎಂದುಕೊಂಡಿದ್ದೆ. ಟೀವಿಯಲ್ಲಿ ಮಲಯಾಳ ಚಾನೆಲ್ ಬಂದಾಗ ಆಸೆಯಿಂದ ಹಾಕಿ ಕುಳಿತೆ. ಅರ್ಧವೂ ತಿಳಿಯಲಿಲ್ಲ. ನನ್ನ ಯಜಮಾನರಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆದಾಗ ಮೈಸೂರಿನ ಆಸ್ಪತ್ರೆಯಲ್ಲಿ ಮಲಯಾಳಿ ನರ್ಸ್ ಒಬ್ಬಳಿದ್ದಳು. ಕಿಟಕಿಯಾಚೆ ಮಳೆ ಶುರುವಾಯಿತು. ಧೈರ್ಯ ಮಾಡಿ, ಮಯ ಬರುತ್ತಿದೆ ಎಂದು ಅವಳ ಭಾಷೆಯಲ್ಲಿ ಹೇಳಿದೆ. ಅವಳು ನಕ್ಕುಬಿಟ್ಟಳು. ಕೆಟ್ಟ ನಗುವಲ್ಲ. ಮಳೆಗೆ ಅವಳು ಹೇಳುವ ಶಬ್ದದಲ್ಲಿ ನಾಲಿಗೆಯನ್ನು ಹಿಂದಕ್ಕೆ ಮಡಿಸಿ ಹೇಳುವ ಒಂದು ಅಕ್ಷರ ಇದೆ. ಉಮ್ಮನ ಮನೆಯಲ್ಲಿ ಆ ಅಕ್ಷರವೇ ಇರಲಿಲ್ಲ, ಅಲ್ಲಿ ಮಳೆ ಎಂದರೆ ಬರೀ ಮಯ.

"ಆಂಟಿ, ಇದು ಕಣ್ಣೂರಿನ ಮುಸ್ಲಿಮರ ಮನೆಯ ಹೆಂಗಸರ ಮಾತು. ನೀವು ಹಣೆಗೆ ವಿಭೂತಿ ಇಟ್ಟುಕೊಂಡು ಅದನ್ನು ಹೇಳಿದರೆ ನನಗೆ ನಗು ಬರುತ್ತೆ" ಎಂದಳು. ಚೋರ್ ಬೆಯ್ಚಾ ಎಂದು ಕೇಳಿದರೆ ಅವಳಿಗೆ ಅರ್ಥವೇ ಆಗಲಿಲ್ಲ. ಅವಳದು ದಕ್ಷಿಣ ಕೇರಳದ ಯಾವುದೋ ಊರು.

ಆವತ್ತು ನನಗೆ ತಿಳಿಯಿತು. ಮಲಯಾಳ ಮಾತಾಡುವವರು ಎಷ್ಟು ಜನ ಸಿಕ್ಕರೂ ಪ್ರಯೋಜನವಿಲ್ಲ. ನನಗೆ ಬೇಕಾದದ್ದು ಆ ಒಂದು ಅಡುಗೆಮನೆಯ ಮಾತು.

ನಮ್ಮ ಮನೆಯಲ್ಲಿ ಹಸಿಮೆಣಸಿನಕಾಯಿ ಬೆಳೆಯುತ್ತಾರೆ. ಶನಿವಾರ ಸಂತೆಯ ದಿನ ಕೇರಳದ ಲಾರಿಗಳು ಮೆಣಸಿನಕಾಯಿಗೆ ಬರುತ್ತವೆ. ಕೆಲವು ವರ್ಷದ ಹಿಂದೆ, ಮುಂಗಾರಿಗೆ ಮೊದಲಿನ ಒಂದು ಶನಿವಾರ, ಯಜಮಾನರು ತೂಕದ ಹತ್ತಿರ ನಿಂತಿದ್ದರು, ನಾನು ಮಳೆಗೆಂದು ಒಂದು ಲಾರಿಯ ಮಗ್ಗುಲಿಗೆ ಸರಿದು ನಿಂತಿದ್ದೆ. ಕ್ಯಾಬಿನ್ನಿನಲ್ಲಿ ಡ್ರೈವರ್ ಫೋನಿನಲ್ಲಿ ಮಾತಾಡುತ್ತಿದ್ದ. "ಈಡ ನಲ್ಲ ಮಯ" ಎಂದ. ಇಲ್ಲಿ ಒಳ್ಳೆ ಮಳೆ ಎಂದು.

ಅದು ಉಮ್ಮನ ಮನೆಯ ಮಯ. ಫೋನ್ ಇಡುವವರೆಗೂ ಕಾದು, ಅವನ ಕಿಟಕಿಯ ಕೆಳಗೆ ನಿಂತು ಕೇಳಿದೆ, "ಇಂಗಳ್ ಏಡಿಯಾ?" ನೀವು ಎಲ್ಲಿಯವರು ಎಂದು.

ಅವನಿಗೆ ನಲವತ್ತರ ಹತ್ತಿರದ ವಯಸ್ಸು. ಕೆಳಗೆ ಬಗ್ಗಿ ನನ್ನ ಹಣೆ ನೋಡಿದ, ಕೊರಳು ನೋಡಿದ. "ಇರಿಟ್ಟಿ" ಎಂದ. ಆಮೇಲೆ ಇಳಿದು ಬಂದು, "ಈ ಮಾತು ನಿಮಗೆ ಹೇಗೆ?" ಎಂದು ಕೇಳಿದ. ತನ್ನ ಅಮ್ಮನ ವಯಸ್ಸಿನ ಹೆಂಗಸರು ಮಾತ್ರ ಈಗ ಹೀಗೆ ಮಾತಾಡುತ್ತಾರೆ, ತನ್ನ ಹೆಂಡತಿಯೂ ಆಡುವುದಿಲ್ಲ ಎಂದ. ನಾನು ಕಿತ್ತಳೆ ಕಾಕನ ಗುರುತು ಹೇಳಿದೆ, ಪಾಲಿಬೆಟ್ಟದಿಂದ ಹೋದವರು, ಅಣ್ಣನದು ಕೊಬ್ಬರಿ ವ್ಯಾಪಾರ ಎಂದೆ. ವಿಚಾರಿಸುತ್ತೇನೆ ಎಂದು ಹೋದ.

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ಶನಿವಾರ ಬಂದವನು ನನ್ನನ್ನು ಹುಡುಕಿಕೊಂಡೇ ಬಂದ. ಕಾಕ ಹೋಗಿ ಬಹಳ ವರ್ಷವಾಯಿತು. ಉಮ್ಮ ಇದ್ದಾಳೆ. ಒಬ್ಬ ಮಗ ದುಬೈಯಲ್ಲಿ, ಅವನ ಹೆಂಡತಿ ಮಕ್ಕಳ ಜೊತೆ ಅವಳಿರುವುದು. "ಅವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಅಲ್ಲೆಲ್ಲ ಅವರಿಗೆ ಕುಡಗಿಲೆ ಉಮ್ಮ ಎಂದೇ ಹೆಸರು" ಎಂದ. ಕೊಡಗಿನ ಉಮ್ಮ ಎಂದು ಅದರ ಅರ್ಥ. ಹುಟ್ಟಿದ ಊರಿಗೆ ವಾಪಸು ಹೋಗಿ ಅಷ್ಟು ವರ್ಷವಾದರೂ ಅವಳು ಅಲ್ಲಿಯವರಿಗೆ ಕೊಡಗಿನವಳು.

ನಂಬರ್ ಕೊಡಲು ಬಂದ. ನಾನು ಬೇಡವೆಂದೆ. ಅಷ್ಟು ಕಾಲದ ಮೇಲೆ ಮೊದಲ ಮಾತು ಫೋನಿನಲ್ಲಿ ಆಗುವುದು ನನಗೆ ಇಷ್ಟವಿರಲಿಲ್ಲ. ಮಳೆಗಾಲ ಮುಗಿದ ಮೇಲೆ ಬರುತ್ತೇನೆಂದು ಹೇಳಿ ಕಳಿಸಿದೆ. ಯಜಮಾನರಿಗೆ ಹೇಳಿದಾಗ ಅವರು, "ಅದಕ್ಯಾಕೆ ಅಷ್ಟು ಯೋಚನೆ, ನಡಿ ಹೋಗ್ಬರಣ" ಎಂದರು. ಹೊರಡುವ ದಿನವನ್ನು ಆ ಡ್ರೈವರನ ಕೈಯಲ್ಲೇ ಹೇಳಿಸಿದೆವು.

ವಿರಾಜಪೇಟೆ ದಾಟಿ ಮಾಕುಟ್ಟದ ಕಾಡಿನ ಇಳಿಜಾರಿನಲ್ಲಿ ಕಾರು ಇಳಿಯುತ್ತಿದ್ದಷ್ಟು ಹೊತ್ತೂ ನಾನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಮರೆತುಹೋಗಿವೆ ಎಂದುಕೊಂಡಿದ್ದ ಎಷ್ಟೋ ಪದಗಳು ಆ ತಿರುವುಗಳಲ್ಲಿ ಬಂದವು. ಕೋಳಿಗೆ, ಹೊಳೆಗೆ, ಒಲೆಗೆ, ಕತ್ತಿಗೆ, ಸಿಟ್ಟಿಗೆ ಉಮ್ಮ ಹೇಳುತ್ತಿದ್ದ ಪದಗಳು. ಹೇಳಬೇಕಾದದ್ದು ಬೇಕಾದಷ್ಟಿತ್ತು: ನನ್ನ ಮಕ್ಕಳ ಸುದ್ದಿ, ಅವ್ವ ಹೋದದ್ದು, ಬೆಕ್ಕನ್ನು ಬೈಯುವುದು, ನರ್ಸ್ ನಕ್ಕಿದ್ದು. ಎಲ್ಲವನ್ನೂ ಅವಳ ಮಾತಿನಲ್ಲೇ ಹೇಳಬೇಕೆಂದು ಹಟ.

ರಸ್ತೆಬದಿಯಲ್ಲಿ ಹೊಸ ತಾರಸಿ ಮನೆ. ಜಗುಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಿಳಿ ಬಟ್ಟೆ ಹೊದ್ದ ಮುದುಕಿ ಕುಳಿತಿದ್ದಳು. ನಾನು ನೆನಪಿನಲ್ಲಿಟ್ಟುಕೊಂಡಿದ್ದ ಉಮ್ಮ ಗಟ್ಟಿ ಆಳು, ಕೊಡವನ್ನೂ ನನ್ನನ್ನೂ ಒಟ್ಟಿಗೆ ಎತ್ತಿದವಳು. ಇವಳು ಕುರ್ಚಿಯ ಅರ್ಧದಷ್ಟೂ ಇರಲಿಲ್ಲ.

"ಉಮ್ಮಾ, ಞಾನ್ ಬನ್ನ್" ಎಂದೆ. ನಾನು ಬಂದೆ.

ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಒಸಿ ಹತ್ರ ಬಾ ಕೂಸೇ" ಎಂದಳು. "ಕಣ್ಣು ಸರಿ ಕಾಣಾಕಿಲ್ಲ."

ನಾನು ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಒಸಿ, ಕೂಸೇ, ಕಾಣಾಕಿಲ್ಲ. ಪಾಲಿಬೆಟ್ಟದಲ್ಲಿ ಬೇರೆ ಯಾರೂ ಹಾಗೆ ಮಾತಾಡುತ್ತಿರಲಿಲ್ಲ. ಅದು ನನ್ನ ಅವ್ವನ ಮಾತು. ರಾಗ ಕೂಡ ಅವ್ವನದೇ, ಕೊನೆಯಲ್ಲಿ ಸ್ವಲ್ಪ ಎಳೆದು ಬಿಡುವುದು. ಅವ್ವ ಹೋದ ಮೇಲೆ ನನ್ನನ್ನು ಯಾರೂ ಕೂಸೇ ಎಂದು ಕರೆದಿರಲಿಲ್ಲ.

ಹತ್ತಿರ ಹೋಗಿ ಕುಳಿತೆ. ಅವಳು ನನ್ನ ಮುಖ ಸವರಿದಳು, ಬಳೆ ಮುಟ್ಟಿ ನೋಡಿದಳು. ನಾನು ಕಾರಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತನ್ನು ಮಲಯಾಳದಲ್ಲಿ ಶುರುಮಾಡಿದೆ. ಅವಳು ತಲೆಯಾಡಿಸಿ ಕೇಳಿದಳು, ಮತ್ತೆ ಕನ್ನಡದಲ್ಲೇ ಉತ್ತರಿಸಿದಳು. ನಾನು ಮತ್ತೆ ಮಲಯಾಳ, ಅವಳು ಮತ್ತೆ ಕನ್ನಡ. ಸೊಸೆ ಚಹಾ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡುತ್ತಿದ್ದಳು. ಹಣೆಗೆ ವಿಭೂತಿಯವಳು ಮಲಯಾಳ ಮಾತಾಡುತ್ತಿದ್ದಾಳೆ, ತನ್ನ ಅತ್ತೆ ತನಗೆ ಗೊತ್ತಿಲ್ಲದ ಭಾಷೆಯಲ್ಲಿ ಮಾತಾಡುತ್ತಿದ್ದಾಳೆ.

ಸ್ವಲ್ಪ ಹೊತ್ತಾದ ಮೇಲೆ ಉಮ್ಮ ನನ್ನ ಕೈ ಹಿಡಿದುಕೊಂಡಳು. "ಕೂಸೇ, ನೀನು ಕನ್ನಡ ಮಾತಾಡು."

"ನಂಗೆ ನಿಮ್ಮ ಮಾತು ಆಡಬೇಕು ಅಂತ ಆಸೆ ಉಮ್ಮ."

"ಇಲ್ಲಿ ಎಲ್ಲರೂ ಅದನ್ನೇ ಆಡ್ತಾರೆ. ಬೆಳಿಗ್ಗೆಯಿಂದ ಸಂಜೆತನಕ ಅದೇ. ಕನ್ನಡ ಆಡುವವರು ಒಬ್ಬರಿಲ್ಲ. ನಾನು ಹೇಳಿದ್ರೆ ಈ ಮಕ್ಕಳು ನಗಾಡ್ತಾರೆ." ಮೊಮ್ಮಕ್ಕಳ ಕಡೆ ಕೈ ತೋರಿಸಿದಳು. ಅವರು ಆಗಲೇ ನಗುತ್ತಿದ್ದರು.

ಸೊಸೆ ಆಗ ಒಂದು ಸಂಗತಿ ಹೇಳಿದಳು. ಮೈಸೂರು ಕಡೆಯ ತರಕಾರಿ ಲಾರಿಗಳು ಬೆಳಗಿನ ಹೊತ್ತು ಈ ರಸ್ತೆಯಲ್ಲಿ ಹೋಗುತ್ತವೆ, ಪಕ್ಕದ ಟೀ ಅಂಗಡಿಗೆ ನಿಲ್ಲಿಸುತ್ತವೆ. ಕಾಲು ಗಟ್ಟಿಯಿದ್ದ ತನಕ ಉಮ್ಮ ದಿನಾ ಅಲ್ಲಿಗೆ ಹೋಗುತ್ತಿದ್ದಳಂತೆ. ಡ್ರೈವರುಗಳ ಹತ್ತಿರ ಊರು ಕೇಳುವುದು, ಮಳೆ ಆಯಿತಾ ಕೇಳುವುದು, ರೇಟು ಕೇಳುವುದು. ಬರೀ ಮಾತಾಡಿ ಬರಲು ನಾಚಿಕೆಯಾಗಿ ಒಂದೊಂದು ಸಿಹಿಗುಂಬಳ ಕೊಂಡುಕೊಂಡು ಬರುತ್ತಿದ್ದಳಂತೆ. ಮನೆಯಲ್ಲಿ ಯಾರಿಗೂ ಕುಂಬಳ ಸೇರದು. ಕೋಣೆ ತುಂಬ ಕುಂಬಳಕಾಯಿ.

"ಯಾಕೆ ಉಮ್ಮ?" ಎಂದು ಕೇಳಿದೆ.

"ನಿನ್ನ ಅವ್ವ ಕಲಿಸಿದ ಮಾತು" ಎಂದಳು. "ಆಡದಿದ್ರೆ ಹೋಗ್ತದೆ ಅಲ್ವಾ?"

ಅಲ್ಲಿಗೆ ನಾನು ಮಲಯಾಳ ಬಿಟ್ಟೆ. ಅವ್ವ ಹೇಗೆ ಹೋದಳು ಎಂದು ಕನ್ನಡದಲ್ಲೇ ಹೇಳಿದೆ. ಕೇಳುತ್ತಾ ಕೇಳುತ್ತಾ ಉಮ್ಮ ನಡುವೆ, "ಅಯ್ಯೋ, ಬಿಡು ಅತ್ಲಾಗೆ" ಎಂದಳು. ಅವ್ವ ಅವಳಿಗೆ ಹೇಳುತ್ತಿದ್ದ ಹಾಗೆಯೇ.

ಊಟಕ್ಕೆ ಸೊಸೆ ನಮಗೆಂದು ಬೇರೆ ಅಡುಗೆ ಮಾಡಿದ್ದಳು. ಬೆಳಿಗ್ಗೆಯೇ ಹೊಸ ಪಾತ್ರೆ ತರಿಸಿ ಮಾಡಿಸಿದ್ದು ಉಮ್ಮ. ಸಂಜೆ ಹೊರಡುವಾಗ ಉಮ್ಮ ಮೆಟ್ಟಿಲತನಕ ಬಂದಳು. ಬಿರ್ರನೆ ಬಾ ಮತ್ತೆ ಎಂದಳು. ಅದೂ ಅವ್ವನ ಮಾತೇ.

ಘಾಟಿ ಹತ್ತುವಾಗ ಯಜಮಾನರು ಕೇಳಿದರು, "ಏನು, ಸಮಾಧಾನ ಆಯ್ತಾ?"

"ನಾನು ಆಡಬೇಕು ಅಂತ ಹೋದ ಮಾತು ಆಡಲೇ ಇಲ್ಲ" ಎಂದೆ.

"ಅವ್ರೂ ಅಷ್ಟು ವರ್ಷ ಆಡಿರ್ಲಿಲ್ಲ ಅಲ್ವಾ" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಫೋನ್ ಮಾಡು. ಅರ್ಧ ನಿಂದು, ಅರ್ಧ ಅವ್ರದು" ಎಂದರು.

ಹಾಗೆ ಶುರುವಾದದ್ದು ನಮ್ಮ ಶುಕ್ರವಾರದ ಫೋನು. ಜುಮ್ಮಾ ನಮಾಜು ಮುಗಿದು ಮನೆ ಶಾಂತವಾದ ಮೇಲೆ ಸೊಸೆ ನಂಬರ್ ಒತ್ತಿ ಕೊಡುತ್ತಾಳೆ. ಮೊದಲು ಉಮ್ಮನ ಸರದಿ, ಕನ್ನಡ. ಆಮೇಲೆ ನನ್ನದು. ಸರದಿ ಎಂದು ಹೆಸರಿಗೆ. ಉಮ್ಮನ ಕನ್ನಡ ಮುಗಿಯುವುದೇ ಇಲ್ಲ. ನನ್ನ ಪಾಲಿಗೆ ಉಳಿಯುವುದು ಕೊನೆಯ ನಾಲ್ಕು ಮಾತು. ಆ ನಾಲ್ಕು ಮಾತಿಗೆ ನಾನು ವಾರವಿಡೀ ಕಾಯುತ್ತೇನೆ.

ಎರಡು ವರ್ಷದ ಹಿಂದೆ ಅವಳ ಮಗ ರಜೆಗೆ ಬಂದಿದ್ದಾಗ ಉಮ್ಮ ಪಾಲಿಬೆಟ್ಟ ನೋಡಬೇಕೆಂದಳು. ಅವನು ಅವಳನ್ನು ಕಾರಿನಲ್ಲಿ ಹತ್ತಿಸಿಕೊಂಡು ಬಂದ. ನಾವು ಈ ಕಡೆಯಿಂದ ಹೋದೆವು. ನಮ್ಮ ಎರಡೂ ಮನೆ ಇದ್ದ ಜಾಗದಲ್ಲಿ ನಡುಗೋಡೆ ತೆಗೆದು ಒಂದೇ ದೊಡ್ಡ ಅಂಗಡಿ ಮಾಡಿದ್ದರು. ಅಕ್ಕಿ ಬೇಳೆಯೂ ಉಂಟು, ಮೊಬೈಲ್ ಕರೆನ್ಸಿಯೂ ಉಂಟು. ಉಮ್ಮ ಆ ಗೋಡೆ ಇದ್ದ ಜಾಗವನ್ನು ನೆಲದಲ್ಲಿ ಗುರುತು ಹಿಡಿದು, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಹೆಜ್ಜೆ ಇಟ್ಟಳು. ಅಂಗಡಿಯವನು ಮಲಯಾಳಿ ಹುಡುಗ, ಬೆಂಚು ಕೊಟ್ಟು ಕೂರಿಸಿದ.

ಆವತ್ತು ಭಾನುವಾರ. ತೋಟದ ಕೆಲಸದವರೆಲ್ಲ ಬೀದಿಯಲ್ಲಿದ್ದರು. ಈಗ ಲೈನುಮನೆಗಳಲ್ಲಿ ತಮಿಳರು ಕಡಿಮೆ, ಅಸ್ಸಾಮಿನವರೇ ಹೆಚ್ಚು. ಸಣ್ಣ ವಯಸ್ಸಿನ ಹೆಂಗಸೊಬ್ಬಳು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಂದು ಅಂಗಡಿಯವನಿಗೆ, "ಅಕ್ಕಿ ಬೋಂಡು, ಎಣ್ಣೆ ಬೇಕು" ಎಂದಳು. ಬೋಂಡು ಕೊಡವರ ಮಾತು, ಬೇಕು ಕನ್ನಡ. ಎರಡು ಬೇರೆ ಭಾಷೆ ಎಂದು ಅವಳಿಗೆ ಗೊತ್ತಿದ್ದಂತಿರಲಿಲ್ಲ.

ಉಮ್ಮ ಕಿವಿ ನಿಮಿರಿಸಿದಳು. "ಯಾರು ಕಲಿಸಿದ್ದು ಮಾತು?" ಎಂದು ಕನ್ನಡದಲ್ಲಿ ಕೇಳಿದಳು.

"ತೋಟದ ಅಮ್ಮ" ಎಂದಳು ಅವಳು. ತೋಟದ ಯಜಮಾನಿ ಇರಬೇಕು.

"ಊರಲ್ಲಿ ಯಾರುಂಟು?"

"ಮಾ ಉಂಟು. ದೂರ."

"ಎಷ್ಟು ದೂರ?"

ಅವಳಿಗೆ ಅದನ್ನು ಹೇಳಲು ಕನ್ನಡ ಸಾಲಲಿಲ್ಲ. ಕೈಯನ್ನು ಬೀದಿಯ ಆಚೆಗೆ, ಇನ್ನೂ ಆಚೆಗೆ ತೋರಿಸಿದಳು, ನಕ್ಕಳು. ಉಮ್ಮ ಬೆಂಚಿನಲ್ಲಿ ಸರಿದು ಅವಳಿಗೆ ಜಾಗ ಮಾಡಿದಳು. ಅವಳು ಕೂರಲಿಲ್ಲ, ಗಂಡ ರಸ್ತೆಯಾಚೆಯಿಂದ ಅವರ ಭಾಷೆಯಲ್ಲಿ ಕರೆಯುತ್ತಿದ್ದ. ಚೀಲ ಎತ್ತಿಕೊಂಡು ಹೋದಳು. ಬೆನ್ನ ಮೇಲಿದ್ದ ಮಗು ತಿರುವಿನ ತನಕ ಉಮ್ಮನನ್ನೇ ನೋಡುತ್ತಿತ್ತು.

"ಬಂದ ಹೊಸದ್ರಲ್ಲಿ ನಾನೂ ಹೀಗೇ" ಎಂದಳು ಉಮ್ಮ. "ಬಾವಿ ಹತ್ರ ನಿನ್ನ ಅವ್ವ ಇಲ್ದಿದ್ರೆ ನಾನು ಈ ಊರಲ್ಲಿ ನಿಲ್ತಿರ್ಲಿಲ್ಲ." ಅಂಗಡಿಗೆ ಬಂದು ಹೋಗುವವರ ಕೊಡವ ಮಾತು, ಮಲಯಾಳ, ಅಸ್ಸಾಮಿನವರ ಮಾತು ಎಲ್ಲ ನಮ್ಮ ತಲೆಯ ಮೇಲೆ ನಡೆಯುತ್ತಿದ್ದವು. ಮಗ ಬಂದು ಹೊರಡೋಣ ಎಂದಾಗ, "ಒಸಿ ತಡಿ" ಎಂದಳು. ಅವನಿಗೆ ಅರ್ಥವಾಯಿತು, ಅವನೂ ಆ ಬಾವಿಕಟ್ಟೆಯಲ್ಲಿ ಆಡಿದವನೇ. ತಡೆದ.

ಈಗ ಉಮ್ಮನಿಗೆ ಕಿವಿ ಮಂದವಾಗಿದೆ. ಶುಕ್ರವಾರ ನಾನು ಕೂಗಿ ಮಾತಾಡಬೇಕು. ನನ್ನ ಮಲಯಾಳ ಇಡೀ ಬೀದಿಗೆ ಕೇಳಿಸುತ್ತದೆ. ಪಕ್ಕದ ಮನೆಯವರು ಮೊದಲು ನಿಂತು ಕೇಳುತ್ತಿದ್ದರು, ಈಗ ರೂಢಿಯಾಗಿದೆ. ಅವಳು ಹೇಳುವುದರಲ್ಲಿ ಎಷ್ಟೋ ಸಲ ಕನ್ನಡದ ಪದ ತಡವರಿಸುತ್ತದೆ. ಆಗ ನಾನು ಅವಸರ ಮಾಡುವುದಿಲ್ಲ. ಅವಳು ಹುಡುಕಿಕೊಂಡು ಬರುವವರೆಗೆ ಫೋನ್ ಹಿಡಿದು ಕಾಯುತ್ತೇನೆ.

ಈ ಮಳೆಗಾಲದಲ್ಲಿ ಮಾಕುಟ್ಟದ ರಸ್ತೆಗೆ ಮಣ್ಣು ಕುಸಿದು ಗಾಡಿ ಬಿಡುತ್ತಿಲ್ಲ. ಯಜಮಾನರು ಪೇಪರಿನಲ್ಲಿ ಅದರ ಸುದ್ದಿ ನೋಡಿ ದಿನಾ ನನಗೆ ಹೇಳುತ್ತಾರೆ. ಹೋದ ಶುಕ್ರವಾರ ಉಮ್ಮ ಯಾವಾಗ ಬರುತ್ತೀಯ ಎಂದು ಕೇಳಿದಳು. ರಸ್ತೆ ತೆರೆದ ಕೂಡಲೇ ಬರುತ್ತೇನೆ ಎಂದು ಅವಳ ಮಲಯಾಳದಲ್ಲೇ ಹೇಳಿದೆ. ಅವಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದೆ, ಕನ್ನಡದಲ್ಲಿ.